ಉರ್ಫ್ ದಾದಾ

ಕನ್ನಡದಲ್ಲಿ ಲಿಂಗಗಳು ಮೂರು ಎಂದು ಚಿಕ್ಕೋಡಿಯ ಒಂದು ಪ್ರೌಢಶಾಲೆಯಲ್ಲಿ ನಾನು ನಿವೃತ್ತನಾಗುವ ದಿನದವರೆಗೂ ಬೋಧಿಸಿದೆ. ಉತ್ತರಪತ್ರಿಕೆಯಲ್ಲಿ ‘ಹುಡುಗಿ ಓಡಿದನು’ ಎಂದು ಕಂಡರೆ ಕೆಂಪು ಶಾಯಿಯ ಸುತ್ತು ಹಾಕಿ ಪಕ್ಕದಲ್ಲಿ ‘ಲಿಂಗದೋಷ’ ಎಂದು ಬರೆಯುತ್ತಿದ್ದೆ. ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಸಂದೇಹ ಹುಟ್ಟಿದ್ದು ನಿವೃತ್ತಿಯ ಮೇಲೆ, ಮದುವೆಗಳು ನಡೆಯುವ ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ದೆಸೆಯಿಂದ.

ಅಕ್ಕೋರು (ನಮ್ಮ ಕಡೆ ಶಿಕ್ಷಕಿಯನ್ನು ಹೀಗೆ ಕರೆಯುವುದು) ಹೋದ ತಿಂಗಳು ತಾವೂ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅವರ ಗುಣಗಾನ ಬಹಳ ಹೊತ್ತು ನಡೆಯಿತು. ಅದೆಲ್ಲ ಬೇರೆ ಯಾರಿಗೋ ಸಲ್ಲಬೇಕಾದದ್ದು ತಪ್ಪಿ ಇಲ್ಲಿಗೆ ಬಂದಿದೆ ಎಂದು ನನಗೆ ಅನಿಸಿತು. ಆದ್ದರಿಂದ ಈ ತಿದ್ದುಪಡಿ.

ಅಕ್ಕೋರು ಅಕ್ಕೋಳದವರು. ಈ ಪ್ರಾಸ ನನ್ನದಲ್ಲ, ವಿಧಿಯದು. ಮನೆಮಾತು ಮರಾಠಿ, ಪಾಠದ ಮಾತು ಕನ್ನಡ, ಸಿಟ್ಟಿನ ಮಾತು ಎರಡೂ. ಇಸ್ತ್ರಿ ಮುರಿಯದ ಹತ್ತಿ ಸೀರೆ, ಹೆಗಲ ಮೇಲೊಂದು ಪಿನ್ನು, ಮೂಗಿನಿಂದ ಜಾರುವ ಕನ್ನಡಕ. ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿ, ಕೈ ತೊಳೆದು, ಒರೆಸಿ, ಮೊಬೈಲನ್ನು ಅಡ್ಡ ಹಿಡಿದು ಕೂಡುತ್ತಿದ್ದರು. ಎರಡೂ ಹೆಬ್ಬೆರಳು ಚಕಚಕ ಓಡುತ್ತಿದ್ದವು. ಇಲಾಖೆಯವರು ದಿನಕ್ಕೊಂದು ಮಾಹಿತಿ ಕೇಳುವ ಕಾಲ ಅದು. ಅಕ್ಕಿ ಎಷ್ಟು ಉಳಿಯಿತು, ಹಾಲಿನ ಪುಡಿ ಎಷ್ಟು ತೀರಿತು, ಯಾವ ಮಗುವಿನ ಕಾಲಿಗೆ ಯಾವ ಅಳತೆಯ ಬೂಟು. ಅದನ್ನೆಲ್ಲ ಅಕ್ಕೋರು ತುಂಬುತ್ತಿದ್ದಾರೆಂದು ನಾವು ತಿಳಿದೆವು. ಮುಖ್ಯೋಪಾಧ್ಯಾಯರು ಒಂದು ಸಭೆಯಲ್ಲಿ ಅವರ ಸೇವಾನಿಷ್ಠೆಯನ್ನು ಹೆಸರೆತ್ತಿ ಹೊಗಳಿದ್ದೂ ಉಂಟು.

ಒಂದು ಮಧ್ಯಾಹ್ನ, ಕೋಣೆಯಲ್ಲಿ ನಾನು ಮತ್ತು ಅವರು ಇಬ್ಬರೇ ಇದ್ದಾಗ, ಅಕ್ಕೋರು ಇದ್ದಕ್ಕಿದ್ದಂತೆ ಕೂಗಿದರು:

“ಹೊಡದ್ನಿ!”

ನಾನು ಚಹಾದ ಕಪ್ಪನ್ನು ಬಸಿಯ ಮೇಲಿಟ್ಟೆ. “ಯಾರನ್ರಿ ಅಕ್ಕೋರ?”

“ಯಾರೋ ಗೊತ್ತಿಲ್ರಿ ಸರ. ಗಿಡದ ಹಿಂದ ಕುಂತಿದ್ದ.”

“ಸತ್ನೇನ್ರಿ?”

“ಸತ್ತ. ಪಾಪ, ಚಲೋ ಅಡಗಿದ್ದ. ಆದ್ರ ಹೆಜ್ಜಿ ಸಪ್ಪಳಾ ಮಾಡಿದ.”

ಅಂದು ನನಗೆ ಆ ಆಟದ ಪರಿಚಯವಾಯಿತು. ವಿಮಾನದಿಂದ ಜನ ಛತ್ರಿ ಕಟ್ಟಿಕೊಂಡು ಒಂದು ದ್ವೀಪಕ್ಕೆ ಹಾರುತ್ತಾರೆ. ಅಲ್ಲಿ ಬಿದ್ದಿರುವ ಬಂದೂಕು, ಔಷಧ ಆಯ್ದುಕೊಂಡು ಪರಸ್ಪರ ಕೊಲ್ಲುತ್ತಾರೆ. ನಾಲ್ವರದೊಂದು ತಂಡ; ಒಬ್ಬ ಗುಂಡು ತಗುಲಿ ಬಿದ್ದರೆ, ಸಾಯುವ ಮೊದಲು ಉಳಿದವರು ಎಬ್ಬಿಸಬಹುದು. ಕೊನೆಗೆ ಉಳಿದ ತಂಡ ಗೆದ್ದಂತೆ. ಸತ್ತವರು ಮತ್ತೆ ಮೊದಲಿನಿಂದ ಹಾರುತ್ತಾರೆ. ಇಲಾಖೆಯ ಕೆಲಸಕ್ಕೂ ಇದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವಾದರೂ, “ಇದು ಹುಡುಗೂರ ಆಟ ಅಲ್ರೇನ್ರಿ?” ಎಂದು ಕೇಳಿದೆ.

ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು. “ಸರ, ಒತ್ತಿದ ಬಟ್ಟು ಹೆಣ್ಣಿಂದೋ ಗಂಡಿಂದೋ, ಬಂದೂಕಿಗೆ ಹೆಂಗ ಗೊತ್ತಾಗಬೇಕ್ರಿ?”

ಈ ಪ್ರಶ್ನೆ ವ್ಯಾಕರಣದ ವ್ಯಾಪ್ತಿಗೆ ಬಾರದ ಕಾರಣ ನಾನು ಚಹಾ ಮುಗಿಸಿದೆ.

ಮುಂದೆ ಅವರು ಬಿಡಿಬಿಡಿಯಾಗಿ ಹೇಳಿದ್ದನ್ನು ಸೇರಿಸಿದರೆ ಇಷ್ಟಾಗುತ್ತದೆ. ಅಕ್ಕೋಳದಲ್ಲಿ ಚಿಕ್ಕಂದಿನಲ್ಲಿ ಗೋಲಿ ಆಟದಲ್ಲಿ ಅವರನ್ನು ಸೋಲಿಸುವ ಹುಡುಗ ಇರಲಿಲ್ಲವಂತೆ. ಒಂದು ದಿನ ಅವರವ್ವ “ದೊಡ್ಡಾಕಿ ಆದಿ, ಇನ್ನ ಸಾಕು” ಎಂದು ಗೋಲಿಯ ಚೀಲವನ್ನು ತಮ್ಮನಿಗೆ ಕೊಟ್ಟುಬಿಟ್ಟರು. “ಕೊಟ್ಟದ್ದಕ್ಕ ಸಿಟ್ಟಿಲ್ರಿ ಸರ. ಅವಗ ಗುರೀನ ಇರಲಿಲ್ಲ. ಎಲ್ಲಾ ಸೋತ ಬಂದ” ಎನ್ನುವಾಗ ಅಕ್ಕೋರ ದನಿಯಲ್ಲಿ ಆ ಸಂಜೆಯ ಸಂಕಟ ಹಾಗೇ ಇತ್ತು. ಮಗಳು ಮದುವೆಯಾಗಿ ಹೋದಾಗ ತನ್ನ ಹಳೆಯ ಮೊಬೈಲನ್ನು ತಾಯಿಗೆ ಬಿಟ್ಟು ಹೋದಳು. ಅದರಲ್ಲಿ ಈ ಆಟವಿತ್ತು. “ಗೋಲಿ ಚೀಲಾ ವಾಪಸ್ ಬಂತ್ರಿ” ಎಂದರು.

ಅವರ ಯಜಮಾನರು ಸಂಜೆ ಟಿ.ವಿ. ಧಾರಾವಾಹಿ ನೋಡಿ ಸೊಸೆಯಂದಿರ ಕಷ್ಟಕ್ಕೆ ಕಣ್ಣೊರೆಸಿಕೊಳ್ಳುವ ಮೃದು ಜೀವ. ಅದೇ ಹೊತ್ತಿಗೆ ಸೋಫಾದ ಇನ್ನೊಂದು ತುದಿಯಲ್ಲಿ ಅಕ್ಕೋರ ಆಟ. “ಅವರು ಅಳತಾರ್ರಿ, ನಾ ಹೊಡೀತೀನಿ. ಕೆಲಸಾ ಹಂಚ್ಕೊಂಡೇವಿ” ಎನ್ನುತ್ತಿದ್ದರು.

ಆಟದಿಂದ ಶಾಲೆಗೆ ಲಾಭವೂ ಆಯಿತು. ಗೋಡೆಯಾಚೆಯ ಹೆಜ್ಜೆ ಕೇಳಿ ವೈರಿ ಎಲ್ಲಿದ್ದಾನೆಂದು ಹೇಳುವ ಕಿವಿ ಅವರಿಗೆ ಬಂದಿತ್ತು. ಒಮ್ಮೆ ಎಲ್ಲರೂ ಚುರಮುರಿ ತಿನ್ನುತ್ತ ಕೂತಿದ್ದಾಗ ಅಕ್ಕೋರು ಬೆರಳೆತ್ತಿ, “ಇಬ್ಬರು. ಒಬ್ಬರದು ಹೊಸಾ ಬೂಟು. ಮೆಟ್ಟಲಾ ಹತ್ತಾಕತ್ತಾರ” ಎಂದರು. ತಪಾಸಣೆಯ ಅಧಿಕಾರಿಗಳು ಒಳಗೆ ಬಂದಾಗ ನಾವೆಲ್ಲ ಪಾಠಟಿಪ್ಪಣಿ ಬರೆಯುತ್ತಿದ್ದೆವು.

ಇನ್ನೊಂದು ನೆನಪು ಕಂಪ್ಯೂಟರ್ ಕೋಣೆಯದು. ಅಲ್ಲಿ ಗಂಡುಮಕ್ಕಳು ಓಡಿ ಕುರ್ಚಿ ಹಿಡಿಯುತ್ತಿದ್ದರು. ಹೆಣ್ಣುಮಕ್ಕಳು ಹಿಂದೆ ನಿಂತು, ಅವರ ಹೆಗಲ ಮೇಲಿಂದ ಇಣುಕಿ ಕಂಪ್ಯೂಟರ್ ಕಲಿಯುತ್ತಿದ್ದರು. ಇದನ್ನು ನಾವ್ಯಾರೂ ನಿಯಮ ಮಾಡಿರಲಿಲ್ಲ. ಬಿಸಿಲು ಬೀಳುವ ಹಾಗೆ ತಾನೇ ಬಿದ್ದಿತ್ತು. ಅಕ್ಕೋರು ಆ ಪಾಠ ವಹಿಸಿಕೊಂಡ ದಿನ ಬಾಗಿಲಲ್ಲಿ ನಿಂತು, “ನಿಂತಾವರು ಕುಂಡ್ರ್ರಿ, ಕುಂತಾವರು ನಿಲ್ರಿ” ಎಂದರು. ಒಬ್ಬ ಹುಡುಗ “ಅಕ್ಕೋರ, ಆಕಿಗಿ ಬರೂದಿಲ್ರಿ” ಎಂದ. “ನೀ ಕುಂತಿದ್ದಿ, ಆಕಿಗಿ ಹೆಂಗ ಬರಬೇಕು?” ಎಂದರು. ವಿಷಯ ಅಲ್ಲಿಗೆ ಮುಗಿಯಿತು.

ಆಟದಲ್ಲಿ ತಂಡದವರ ಜೊತೆ ಮೈಕಿನಲ್ಲಿ ಮಾತಾಡಬಹುದು. ಅಕ್ಕೋರು ಮಾತ್ರ ಮೈಕು ಮುಚ್ಚಿ, ಹೇಳುವುದನ್ನೆಲ್ಲ ಬರೆದೇ ಹೇಳುತ್ತಿದ್ದರು. ಶುರುವಿಗೆ ಒಮ್ಮೆ ಮೈಕು ತೆರೆದಿದ್ದರಂತೆ. ಅವರು ಮಾತಾಡುತ್ತಲೇ ಒಬ್ಬ “ಏ, ಬಾಯಿ ಐತಿ, ರೊಟ್ಟಿ ಬಡಿ ಹೋಗ” ಎಂದ; ಬಾಯಿ ಎಂದರೆ ಮರಾಠಿಯಲ್ಲಿ ಹೆಂಗಸು. ಇನ್ನೊಬ್ಬ ಫೋಟೋ ಕೇಳಿದ. ಮೂರನೆಯವನು ಏನೂ ಅನ್ನದೆ ಆಟ ಬಿಟ್ಟು ಹೋದ. ಮೂವರಲ್ಲಿ ಸಭ್ಯಸ್ಥ ಅವನೇ. ಅಂದಿನಿಂದ ಮೈಕು ಬಂದ್. ಆಟದೊಳಗಿನ ಹೆಸರನ್ನೂ ‘ಅಕ್ಕೋಳ ಎಕ್ಸ್‌ಪ್ರೆಸ್’ ಎಂದು ಬದಲಿಸಿಕೊಂಡರು. ಅಕ್ಕೋಳಕ್ಕೆ ರೈಲು ಇಲ್ಲವಲ್ಲ ಎಂದರೆ, “ಅದಕ್ಕ ಇಟ್ಟೇನ್ರಿ” ಎಂದರು.

ರೈಲು ನಪುಂಸಕಲಿಂಗ. ಆದರೂ ಆಡುವವರೆಲ್ಲ ಅದನ್ನು ಪುಲ್ಲಿಂಗವೆಂದೇ ತಿಳಿದರು. ಕಾಗವಾಡದ ಒಬ್ಬ, ರಾಯಬಾಗದ ಒಬ್ಬ, ಅಥಣಿಯ ಒಬ್ಬ ಕೂಡಿ ಅವರನ್ನು ನಾಯಕನನ್ನಾಗಿ ಮಾಡಿಕೊಂಡರು. ಮುಖ ನೋಡದ ಈ ಹುಡುಗರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅಕ್ಕೋರನ್ನು ಮಾತ್ರ ‘ದಾದಾ’ ಎನ್ನುತ್ತಿದ್ದರು, ಮರಾಠಿಯಲ್ಲಿ ಅಣ್ಣ. ಆ ಹೆಸರು ಹೇಳುವಾಗ ಅಕ್ಕೋರ ಮುಖಕ್ಕೆ ಬರುತ್ತಿದ್ದ ಕಳೆಯನ್ನು ನಾನು ಆದರ್ಶ ಶಿಕ್ಷಕಿ ಪ್ರಶಸ್ತಿ ಬಂದ ದಿನವೂ ಕಾಣಲಿಲ್ಲ.

“ಸುಳ್ಳು ಹೇಳೀರಿ ಹಂಗಾರ” ಎಂದೆ.

“ಒಂದ ಸುಳ್ಳೂ ಹೇಳಿಲ್ರಿ. ಅವರು ಕೇಳಿಲ್ಲ, ನಾ ಹೇಳಿಲ್ಲ.”

ಹೀಗಿರುವಾಗ ನಿಪ್ಪಾಣಿಯ ಒಂದು ತರುಣ ಮಂಡಳದವರು ಈ ಆಟದ ಪಂದ್ಯ ಇಟ್ಟರು. ತಂಡದ ನಾಲ್ವರೂ ಅಲ್ಲಿಗೇ ಬಂದು ಕೂತು ಆಡಬೇಕು. ಅಕ್ಕೋರು ಒಂದು ವಾರ ಒದ್ದಾಡಿ, ಪಂದ್ಯದ ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ನಾನು ಆಗ ನಿವೃತ್ತನಾಗಿ ಕಟ್ಟೆಯ ಮೇಲೆ ಕೂಡುವ ಹುದ್ದೆಗೆ ಬಡ್ತಿ ಹೊಂದಿದ್ದೆ.

“ಸರ, ನನ್ನ ಕೂಡ ನಿಪ್ಪಾಣಿಗೆ ಬರ್ರಿ. ಒಬ್ಬ ಹಿರಿಯ ಗಂಡಸು ಇದ್ದರ ಗೇಟಿನ್ಯಾಗ ಬಿಡತಾರ.”

“ಯಜಮಾನರು?”

“ಇವತ್ತ ಧಾರಾವಾಹಿಯೊಳಗ ಅತ್ತಿ ಜೈಲಿಗೆ ಹೋಗ್ತಾಳ್ರಿ. ಅವರು ಬರೂದಿಲ್ಲ.” ಹೆಗಲ ಪಿನ್ನು ಸರಿಮಾಡಿಕೊಂಡು, “ಹುಡುಗೂರು ನೋಡಿ ಏನಂತಾರೋ ಏನೋ. ಗೆಲ್ಲೂದು ಸೋಲೂದು ಹಂಗಿರ್ಲಿ ಸರ, ನಾಳೆಯಿಂದ ಮತ್ತ ನನ್ನ ಕೂಡ ಆಡಿದರ ಸಾಕು” ಎಂದರು.

ಪಂದ್ಯ ನಡೆಯುವ ಮಂಗಲ ಕಾರ್ಯಾಲಯದ ಗೇಟಿನಲ್ಲಿ ಬಿಲ್ಲೆ ಧರಿಸಿದವನೊಬ್ಬ ನನಗೆ “ಬರ್ರಿ ಅಜ್ಜಾರ, ಮೊಮ್ಮಗ ಆಡಾಕತ್ತಾನೇನ್ರಿ?” ಎಂದು ಕುರ್ಚಿ ಕೊಟ್ಟ. ಅಕ್ಕೋರಿಗೆ “ಹೆಣ್ಮಕ್ಕಳು ಹಿಂದಿನ ಬಾಗಲಾಗ ಹೋಗ್ರಿ, ಅಡಿಗಿ ಅಲ್ಲಿ ನಡದೈತಿ” ಎಂದ. ಅಷ್ಟರಲ್ಲಿ ಕೈಗೆ ಗ್ರೀಸು ಮೆತ್ತಿದ ಒಬ್ಬ ತರುಣ, ಕಾಗವಾಡದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು, “ಅಕ್ಕೋಳ ಎಕ್ಸ್‌ಪ್ರೆಸ್ ಯಾರ್ರಿ?” ಎಂದು ಕೇಳುತ್ತ ಬಂದ. ಅಕ್ಕೋರು ಆಗಷ್ಟೇ ತಂಡದ ಹೆಸರು ಹೇಳಿದ್ದರಿಂದ ಗೇಟಿನವನು ನಮ್ಮ ಕಡೆ ಕೈ ತೋರಿಸಿದ. ತರುಣ ಓಡಿ ಬಂದು ನನ್ನ ಕಾಲು ಹಿಡಿದ.

“ದಾದಾ! ಇಷ್ಟ ವಯಸ್ಸಾಗೇತಿ ಅಂತ ಗೊತ್ತ ಇರಲಿಲ್ರಿ!”

ಬದುಕಿನಲ್ಲಿ ನನಗೆ ಸಿಕ್ಕ ಏಕೈಕ ವೀರಾಭಿವಂದನೆ ಅದು. ಕೆಲವು ಕ್ಷಣ ಅನುಭವಿಸಿದೆ.

“ಏ ಕಾಗವಾಡ, ಇಲ್ಲಿ ಅದೇನಿ ನಾ” ಎಂದರು ಅಕ್ಕೋರು.

ಅವನು ನನ್ನ ಕಾಲು ಬಿಡದೆಯೇ ತಲೆ ಹೊರಳಿಸಿ ನೋಡಿದ. ರಾಯಬಾಗ ಮತ್ತು ಅಥಣಿ ಹಿಂದೆಯೇ ಬಂದು, ಸೀರೆ ನೋಡಿ, ಅಲ್ಲೇ ನಿಂತುಬಿಟ್ಟರು.

ಅವರು ಬಾಯಿ ತೆರೆಯುವ ಮೊದಲೇ ತಕರಾರು ಬೇರೆ ಕಡೆಯಿಂದ ಎದ್ದಿತು. ಗಡಿಯಾಚೆಯಿಂದ ಬಂದ ಒಂದು ತಂಡದ ನಾಯಕ, ಈ ತಂಡವನ್ನು ತೆಗೆದುಹಾಕಬೇಕೆಂದು ಮಂಡಳದ ಅಧ್ಯಕ್ಷರ ಮುಂದೆ ಹಟ ಹಿಡಿದ. ಹೆಂಗಸರು ಆಡಬಾರದೆಂಬ ನಿಯಮವಿರಲಿಲ್ಲ. ಹೆಂಗಸೊಬ್ಬಳು ಬಂದಾಳೆಂದು ಯಾರಿಗೂ ಹೊಳೆಯದ್ದರಿಂದ ನಿಯಮದ ಅಗತ್ಯ ಬಿದ್ದಿರಲಿಲ್ಲ. ಮೋಸ ಮಾಡಿದ್ದಾರೆ ಎಂಬುದು ಅವನ ಆರೋಪ. ನಾಯಕರೆಲ್ಲರ ವಾಟ್ಸಾಪ್ ಗುಂಪಿನಲ್ಲಿ ಅಕ್ಕೋರು ಬರೆದದ್ದನ್ನು ಅವನು ಓದಿ ತೋರಿಸಿದ. “ಹೇ ಬಘಾ! ‘ಮೀ ಆಲೋ.’ ‘ಮೀ ಪೋಚಲೋ.’ ಹೆಣ್ಮಕ್ಕಳು ಹಿಂಗ ಅಂತಾರೇನ್ರಿ? ಗಂಡಸು ಅಂತ ಹೇಳಿ ಫಸವಿಸ್ಯಾಳ!”

ಇಲ್ಲಿ ಓದುಗರಿಗೆ ಒಂದು ಸೂತ್ರ ಹೇಳಬೇಕು. ಕನ್ನಡದಲ್ಲಿ ‘ನಾನು ಬಂದೆ’ ಎಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಮರಾಠಿಯಲ್ಲಿ ತಿಳಿಯುತ್ತದೆ. ಗಂಡಸಾದರೆ ‘ಮೀ ಆಲೋ’, ಹೆಂಗಸಾದರೆ ‘ಮೀ ಆಲೇ’. ಪುಸ್ತಕದ ಮರಾಠಿ ಇದು. ಆದರೆ ನಿಪ್ಪಾಣಿ ಸೀಮೆಯ ಹೆಣ್ಣುಮಕ್ಕಳು ಪುಸ್ತಕ ಕೇಳಿ ಮಾತಾಡುವುದಿಲ್ಲ. ಅವರೂ ‘ಆಲೋ’ ಎಂದೇ ಅನ್ನುತ್ತಾರೆ. ಅಕ್ಕೋರು ವೇಷ ಹಾಕಿರಲಿಲ್ಲ; ಅವರವ್ವ ಮಾತಾಡಿದ ಹಾಗೆ ಬರೆದಿದ್ದರು.

ಈ ಸೂಕ್ಷ್ಮವನ್ನು ಸಭೆಗೆ ಮನಗಾಣಿಸುವ ಹೊಣೆ ನನ್ನದೆಂದು ಬಗೆದು ಎದ್ದು ನಿಂತೆ. “ಮಹನೀಯರೇ, ಇದು ಉತ್ತಮ ಪುರುಷದ ಪ್ರಶ್ನೆ. ಉತ್ತಮ ಪುರುಷದಲ್ಲಿ…” ಎಂದು ಆರಂಭಿಸಿದೆ.

“ಕೇಳ್ರಿ!” ಎಂದು ತಕರಾರಿನವನು ಜಿಗಿದ. “ಇವರ ಕಡೆ ಮನಶ್ಯಾನ ‘ಪುರುಷ’ ಅನ್ನಾಕತ್ತಾನ!”

ನಾನು ಕೂತೆ. ಅಕ್ಕೋರು ನನ್ನ ಕಡೆ ನೋಡಿದ ನೋಟವನ್ನು ವರ್ಣಿಸಲಾರೆ.

ಅಧ್ಯಕ್ಷರು ಬೆವರೊರೆಸಿಕೊಂಡರು. ನಿಪ್ಪಾಣಿಯಲ್ಲೇ ಹುಟ್ಟಿ ಬೆಳೆದವರು; ಆದರೂ ತಮ್ಮ ಊರಿನ ಮಾತು ಅವರ ಕಿವಿಗೆ ಎಂದೂ ಬಿದ್ದಂತಿರಲಿಲ್ಲ. “ಹೌದಲ್ಲ, ಬರೋಬರಿ ಐತಲ್ಲ” ಎಂದು ಗೊಣಗುತ್ತ, ಚಹಾ ತರಿಸಲೆಂದು ಅಡಿಗೆ ಮನೆಯ ಕಡೆ ತಿರುಗಿದರು. ಬಾಗಿಲಲ್ಲಿ ಅವರ ತಾಯಿ ಕೊತ್ತಂಬರಿ ಸೋಸುತ್ತ ಕೂತಿದ್ದರು.

“ಆಯೀ, ತೂ ಕವಾ ಆಲೀಸ?” ಯಾವಾಗ ಬಂದೆ ಎಂದು ಮಗ ಕೇಳಿದ.

“ಮೀ? ಮೀ ಕವಾಚ ಆಲೋ!” ಎಂದಳು ಮುದುಕಿ. “ತುಲಾ ದಿಸತ ನ್ಹಾಯ್ ವ್ಹಯ್?” ಆಗಲೇ ಬಂದೀನಿ, ಕಣ್ಣು ಕಾಣುವುದಿಲ್ಲವೇ?

ಎಲ್ಲರ ತಲೆಯೂ ಅಡಿಗೆ ಮನೆಯ ಬಾಗಿಲ ಕಡೆ ತಿರುಗಿತು. ಅಕ್ಕೋರು ಶಾಂತವಾಗಿ, “ಹಂಗಾರ ಆಯೀನೂ ಗಂಡಸರಾಗ ಬರಕೋರಿ” ಎಂದರು. ನಕ್ಕವರು ನಕ್ಕರು. ತಂಡ ಉಳಿಯಿತು.

ಕಷ್ಟ ಶುರುವಾದದ್ದು ಆಮೇಲೆ. ಅಲ್ಲಿ ಹುಡುಗರು ಅಕ್ಕಪಕ್ಕ ಕೂತು ಬಾಯಿಬಿಟ್ಟು ಮಾತಾಡುತ್ತ ಆಡಬೇಕಿತ್ತು. ನಾನು ಹಿಂದೆಯೇ ಕೂತಿದ್ದೆ.

“ಮೇಡಂ, ನೀವು ಹಿಂದ ಇರ್ರಿ.”

“ಮೇಡಂ, ಔಷಧ ಮೊದಲ ನೀವು ತಗೋರಿ.”

“ಮೇಡಂ, ಆ ಕಡೆ ಹೋಗಬ್ಯಾಡ್ರಿ, ಮಂದಿ ಅದಾರ.”

“ಮಂದಿ ಅದಾರ ಅಂತನ ಹೊಂಟೇನೋ” ಎಂದರು ಅಕ್ಕೋರು. ಯಾರೂ ಕೇಳಲಿಲ್ಲ. ಮೂವರೂ ಅವರ ಸುತ್ತ ಕೋಟೆ ಕಟ್ಟಿ ನಿಂತು, ಒಬ್ಬೊಬ್ಬರಾಗಿ ಗುಂಡು ತಿಂದು, ಅತ್ಯಂತ ಗೌರವದಿಂದ ಸತ್ತರು. ಕೊನೆಗೆ ಅಕ್ಕೋರೂ ಬಿದ್ದರು; ಮೂರು ಸುತ್ತಿನ ಅಂಕ ಕೂಡಿಸುವ ಪಂದ್ಯದ ಮೊದಲ ಸುತ್ತು ಅಲ್ಲಿಗಾಯಿತು.

ಊಟದ ಹೊತ್ತಿಗೆ ಅಕ್ಕೋರು ತಟ್ಟೆ ಮುಟ್ಟಲಿಲ್ಲ. “ಸರ, ಹೋಗೂಣು ನಡೀರಿ. ಆ ತಕರಾರಿನವ ಹೊರಗ ಹಾಕಾಕ ನೋಡಿದ, ಅವನ ಕೂಡ ಜಗಳಾಡಬಹುದು. ಇವರು ಕೈಮುಗದು ಮೂಲಿಗೆ ಕುಂಡ್ರಿಸ್ಯಾರ. ಇವರ ಕೂಡ ಹೆಂಗ ಜಗಳಾಡ್ಲಿ?”

ಕಾಗವಾಡದ ಹುಡುಗ ತಟ್ಟೆ ಹಿಡಿದು ಬಂದ. “ಮೇಡಂ, ಜಿಲೇಬಿ?”

“ಕುಂಡ್ರು. ನಿನ್ನೆ ಗುಂಡ ಹತ್ತಿ ನಾ ಬಿದ್ದಾಗ ನೀ ಏನ ಬರದಿ?”

ಅವನು ನೆಲ ನೋಡಿದ. “‘ಏಳ ದಾದಾ, ನಾಟಕಾ ಮಾಡಬ್ಯಾಡ’ ಅಂತ್ರಿ.”

“ಇವತ್ತ ಬಿದ್ದಾಗ?”

“‘ಪೆಟ್ಟ ಹತ್ತೇನ್ರಿ ಮೇಡಂ’ ಅಂದ್ನಿ.”

“ಮತ್ತ?”

“ಏನ ಮಾಡ್ಲಿ ಮೇಡಂ, ನೀವು ನಮ್ಮವ್ವನ ವಯಸ್ಸಿನಾವರು. ಬಾಯಾಗ ದಾದಾ ಬರವಲ್ದು.” ಅವನ ಕಣ್ಣಲ್ಲಿ ನೀರಿತ್ತು. ಅವನೂ ಒಬ್ಬ ದಾದಾನನ್ನು ಕಳಕೊಂಡಿದ್ದ. ಅದು ಆಗ ನನಗೆ ಹೊಳೆಯಿತು. ಅಕ್ಕೋರು ಜಿಲೇಬಿ ತೆಗೆದುಕೊಂಡರು. ಮನೆಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಎರಡನೆಯ ಸುತ್ತಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಒಂದು ಮುರುಕು ಮನೆಯ ಕಿಟಕಿಯಿಂದ ಅವರು ವೈರಿಗೆ ಗುರಿ ಹಿಡಿದಿದ್ದಾಗ, ಕಾಗವಾಡ ಅಡ್ಡ ಬಂದು ರಕ್ಷಣೆಗೆ ನಿಂತ. ಆಗ ಅಕ್ಕೋರು ಆಡಿದ ಮಾತಿನಲ್ಲಿ ‘ಕತ್ತೆ’ ಎಂಬುದೊಂದೇ ಅಚ್ಚಿಗೆ ಯೋಗ್ಯ. ಉಳಿದದ್ದು ಕನ್ನಡ ಮರಾಠಿ ಎರಡೂ ಭಾಷೆಗಳ ಸಾಮರ್ಥ್ಯಕ್ಕೆ ಸಾಕ್ಷಿಯಾಗಿತ್ತು. ಅಡಿಗೆ ಮನೆಯಿಂದ ಮುದುಕಿ ಎದ್ದು ಬಂದು ನೋಡಿದಳು. “ಮುಂದಿಂದ ಸರಿಯೋ! ನನ್ನ ಕಾಯಾಕತ್ತಿಯೋ, ಅವನ್ನ ಕಾಯಾಕತ್ತಿಯೋ?” ಎಂದು ಅಕ್ಕೋರು ಗದರಿದರು.

“ಸರದ್ನಿ ದಾದಾ!” ಎಂದ ಕಾಗವಾಡ.

ಬಾಯಿ ತಪ್ಪಿ ಬಂದದ್ದು. ಬಂದ ಮೇಲೆ ಅವನೇ ಬೆಚ್ಚಿದ. ಅಕ್ಕೋರು ಕೇಳಿಸಿಕೊಂಡಂತೆ ತೋರಲಿಲ್ಲ, ಗುಂಡು ಹಾರಿಸಿದರು. ಮುಂದೆ ಆ ಬೆಂಚಿನ ಮೇಲೆ ಮೇಡಂ ಎಂಬ ಶಬ್ದ ಕೇಳಿಬರಲಿಲ್ಲ. ರಾಯಬಾಗ ಔಷಧ ಕದ್ದಿಟ್ಟುಕೊಂಡಿದ್ದಕ್ಕೆ ಬೈಸಿಕೊಂಡ. ಅಥಣಿ ತಿರುಗಿ ಬೈದ. ಕೊನೆಯ ಸುತ್ತಿನಲ್ಲಿ ಅಕ್ಕೋರು ಗುಂಡು ತಗುಲಿ ಬಿದ್ದಾಗ ಕಾಗವಾಡ ಪರದೆಯಿಂದ ಕಣ್ಣೆತ್ತದೆ, “ಏಳ ದಾದಾ, ನಾಟಕಾ ಮಾಡಬ್ಯಾಡ” ಎಂದ. ಅಕ್ಕೋರು ನಕ್ಕದ್ದು ಹಿಂದೆ ಕೂತ ನನಗೂ ಗೊತ್ತಾಯಿತು, ಹೆಗಲು ಅಲುಗಿದವು.

ಎರಡನೆಯ ಬಹುಮಾನ ಬಂತು. ಯಾವನೋ ದಾನಿ ಕೊಟ್ಟ ನಾಲ್ಕು ದಾಡಿ ಸೆಟ್ಟುಗಳು: ರೇಜರು, ಬ್ರಶ್ಶು, ನೊರೆಯ ಡಬ್ಬಿ. ಅಧ್ಯಕ್ಷರು ನಾಚಿ, “ಅಕ್ಕಾರ, ನಿಮಗೊಂದ ಸೀರಿ ತರಸ್ತೀನಿ” ಎಂದರು.

“ಬ್ಯಾಡ್ರಿ. ಹೊಡದಾವರಿಗೆ ಏನ ಇಟ್ಟೀರಿ ಅದನ್ನ ಕೊಡ್ರಿ.”

ಬಸ್ಸಿನಲ್ಲಿ ಚಿಕ್ಕೋಡಿಯವರೆಗೂ ಆ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಗೋಲಿಯ ಚೀಲ ಹಿಡಿದ ಹುಡುಗಿಯರನ್ನು ನಾನು ನೋಡಿಲ್ಲ, ಹಾಗೆ ಹಿಡಿಯುತ್ತಿದ್ದರೇನೋ.

ಇನ್ನು ಬೀಳ್ಕೊಡುಗೆ. ಒಬ್ಬರು ಅಕ್ಕೋರನ್ನು ಸಹನಾಮೂರ್ತಿ ಎಂದರು. ಇನ್ನೊಬ್ಬರು ಇರುವೆಯನ್ನೂ ನೋಯಿಸದ ಮಾತೃಹೃದಯ ಎಂದರು. ಮೂರನೆಯವರು ಕ್ಷಮೆಯಲ್ಲಿ ಭೂಮಿ ಎಂದಾಗ, ಹಿಂದಿನ ಸಾಲಿನಲ್ಲಿ ಪೇಢೆಯ ಡಬ್ಬಿ ಹಿಡಿದು ಕೂತಿದ್ದ ಕಾಗವಾಡದವನಿಗೆ ತಡೆಯಲಾಗಲಿಲ್ಲ.

“ನಮ್ಮ ದಾದಾನ ಬಗ್ಗೆ ನಾ ಎರಡ ಮಾತ ಆಡತೀನ್ರಿ.”

ಮುಖ್ಯೋಪಾಧ್ಯಾಯರು ಮೈಕಿನಲ್ಲೇ, “ತಮ್ಮಾ, ನೀ ಬ್ಯಾರೆ ಕಾರ್ಯಕ್ರಮಕ್ಕ ಬಂದಿರಬೇಕು. ಇದು ನಮ್ಮ ಅಕ್ಕೋರ ಬೀಳ್ಕೊಡುಗಿ” ಎಂದರು.

“ಹೌದ್ರಿ. ಅವರ ನಮ್ಮ ದಾದಾ.” ಸಭೆ ತಿರುಗಿ ನೋಡಿತು. “ಕ್ಷಮಾ ಗಿಮಾ ನನಗ ಗೊತ್ತಿಲ್ರಿ. ನಮ್ಮ ದಾದಾ ಗಿಡದ ಹಿಂದ ಕುಂತಾವನ್ನೂ ಬಿಟ್ಟಿಲ್ಲ. ನಮ್ಮೂರಾಗ ನನ್ನ ತಂ‌ಗಿ ಈಗ ಆಡಾಕತ್ತಾಳ. ಮೈಕ್ ಚಾಲೂ ಇಟ್ಟ ಆಡತಾಳ. ಯಾರರ ರೊಟ್ಟಿ ಬಡಿ ಅಂದ್ರ, ನಮ್ಮ ದಾದಾಗ ಹೇಳ್ಲೇನು ಅಂತಾಳ. ಇಷ್ಟರೀ.” ಡಬ್ಬಿ ಮೇಜಿನ ಮೇಲಿಟ್ಟು ಕೂತುಬಿಟ್ಟ.

ಹೊಗಳಿಕೆ ಕೇಳುವಾಗೆಲ್ಲ ಒಣಗಿದ್ದ ಅಕ್ಕೋರ ಕಣ್ಣು ಈಗ ಒದ್ದೆಯಾಗಿದ್ದವು. ಮೊದಲ ಸಾಲಿನಲ್ಲಿ ಯಜಮಾನರು ಬಹಳ ಹೊತ್ತಿನ ಹಿಂದೆಯೇ ಕರ್ಚೀಫು ತೆಗೆದಿದ್ದರು.

ಸತ್ಕಾರಕ್ಕೆ ಉತ್ತರವಾಗಿ ಅಕ್ಕೋರು ದೀರ್ಘ ಭಾಷಣ ಮಾಡುತ್ತಾರೆಂದು ಎಲ್ಲರೂ ಕಾದರು. ಅವರು ಕನ್ನಡಕ ಒರೆಸಿ ಹಾಕಿಕೊಂಡರು. ರೈಲಿಲ್ಲದ ಅಕ್ಕೋಳಕ್ಕೆ, ತವರಿನ ಹಳೆಯ ಮನೆಗೆ ಅವರು ಹೊರಟಿದ್ದರು. ಟೆಂಪೋ ಹೊರಗೆ ನಿಂತಿತ್ತು. ಮಾಲೆ ತೆಗೆದು ಮೇಜಿನ ಮೇಲಿಟ್ಟು, ಕಾಗವಾಡದ ಕಡೆ ನೋಡಿ, ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಚಲಾ, ಮೀ ನಿಘಾಲೋ.”

ಬರ್ರಿ, ನಾ ಹೊಂಟೆ. ಪುಸ್ತಕದ ಪ್ರಕಾರ ‘ನಿಘಾಲೇ’ ಆಗಬೇಕು. ಕೆಂಪು ಶಾಯಿಯ ಪೆನ್ನು ನನ್ನ ಜೇಬಿನಲ್ಲೇ ಇತ್ತು. ಅಲ್ಲೇ ಇರಲಿ ಎಂದು ಬಿಟ್ಟೆ.